ಒಂದು ಉಸಿರು ಹೊಗೆ

ನನಗೆ ನೆಟ್ಟಗೆ ಬರುವ ವಿದ್ಯೆ ಒಂದೇ: ಕಂಡವರನ್ನು ಅಣಕಿಸುವುದು. ಬ್ಯಾಂಕಿನ ಆಫೀಸರ್ ಅಂತ ಹೆಸರು ಹಚ್ಚಿಕೊಂಡು ತುಮಕೂರಿನಿಂದ ವಿಜಯವಾಡಕ್ಕೆ ಬಂದಿಳಿದ ಮೊದಲ ವಾರದಲ್ಲೇ, ನಮ್ಮ ಮ್ಯಾನೇಜರು ಬೈಯುವ ಮೊದಲು ಕನ್ನಡಕ ಒರೆಸಿಕೊಳ್ಳುವ ಬಗೆ, ಕ್ಯಾಷಿಯರಮ್ಮ ಗಿರಾಕಿಯ ಮುಖ ನೋಡದೆಯೇ "ಚಿಲ್ಲರ ಲೇದಂಡಿ" ಅನ್ನುವ ಬಗೆ ಎರಡೂ ನನಗೆ ಕರಗತವಾಗಿದ್ದವು. ನನ್ನನ್ನೂ ನಾನು ಬಿಟ್ಟವನಲ್ಲ. ತೆಲುಗಿನಲ್ಲಿ ಒಂದು ವಾಕ್ಯ ಶುರು ಮಾಡಿ, ನಡುವೆ ಕನ್ನಡಕ್ಕೆ ಜಾರಿ, ಕೊನೆಗೆ ಇಂಗ್ಲಿಷಿನ ಕಾಲು ಹಿಡಿಯುವ ನನ್ನ ಅವಸ್ಥೆಯನ್ನು ನಾನೇ ಮಾಡಿ ತೋರಿಸಿ, ಊಟದ ಹೊತ್ತಿನಲ್ಲಿ ಎಲ್ಲರ ಡಬ್ಬಿಯಿಂದಲೂ ಒಂದೊಂದು ತುತ್ತು ಗಿಟ್ಟಿಸಿದ್ದೇನೆ.

ಇಂಥ ನಾನು ಒಂದೇ ಒಂದು ಸಲ ಸೋತೆ. ಹೋದ ಆಷಾಢದಲ್ಲಿ, ವಿಶಾಖಪಟ್ಟಣದ ಮಧುರವಾಡದ ಒಂದು ಮನೆಯಲ್ಲಿ, ಹನ್ನೊಂದನೇ ದಿನದ ಊಟ ಮುಗಿದು ನೆಂಟರೆಲ್ಲ ಗೋಡೆಗೆ ಒರಗಿ ಕೂತಿದ್ದಾಗ, ಆ ಮನೆಯ ಯಜಮಾನಿ ನನ್ನ ಕಡೆ ತಿರುಗಿ, "ಬಾಬೂ, ಲೋಕದಾಗಿನವರನ್ನೆಲ್ಲಾ ಮಾಡ್ತಿ. ಒಮ್ಮಿ ಅವರನ್ನ ಮಾಡಿ ತೋರ್ಸು" ಅಂದರು. ಎದ್ದು ನಿಂತೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಮತ್ತೆ ಕೂತೆ.

ಅವರು ಅಂದರೆ ಕಾಕಾ. ನನ್ನ ಸ್ವಂತ ಕಾಕಾ ಏನಲ್ಲ, ಮೊದಲ ಸಲ "ಅಂಕಲ್" ಅಂದಿದ್ದಕ್ಕೆ "ಕನ್ನಡ ಬರತೈತೇನು? ಹಂಗಾರ ಕಾಕಾ ಅನ್ನು" ಅಂತ ಗದರಿದ್ದರು, ಅಂದಿನಿಂದ ಕಾಕಾ. ಹೆಸರು ಬರೆಯುವುದಿಲ್ಲ. "ಮಷೀನಿಗೆ ಹೆಸರು ಬೇಕು, ಮನಿಷ್ಯಾಗ ಕೆಲಸ ಸಾಕು" ಅನ್ನುತ್ತಿದ್ದವರು.

ಗದಗಿನ ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ ಲೇತ್ ಕೆಲಸಕ್ಕೆಂದು ವಿಜಯವಾಡದ ಆಟೋನಗರಕ್ಕೆ ಬಂದು ಅಲ್ಲೇ ಬೇರು ಬಿಟ್ಟಿದ್ದರು. ಲಾರಿಗಳನ್ನು ಬಿಚ್ಚಿ ಗುಡ್ಡೆ ಹಾಕುವ ಆ ಬೀದಿಗಳಲ್ಲಿ ಒಂದು ಸಣ್ಣ ವರ್ಕ್‌ಶಾಪು. ಮದುವೆಯಾದದ್ದು ಮಧುರವಾಡದ ತೆಲುಗು ಹುಡುಗಿಯನ್ನು. ಆಕೆ, ಅಂದರೆ ಈಗಿನ ಕಾಕು, ಕನ್ನಡ ಕಲಿತದ್ದು ಅತ್ತೆಯ ಬೈಗುಳದಿಂದ. ಹಾಗಾಗಿ ಕಾಕು ಆಡುವುದು ಅಪ್ಪಟ ಗದಗಿನ ಕನ್ನಡ. ಗಂಡನನ್ನು ಕರೆಯುವುದು ಮಾತ್ರ ತೆಲುಗಿನಲ್ಲಿ, "ಏಮಂಡೀ" ಅಂತ. ಆ ಒಂದು ಪದದಲ್ಲಿ ಊಟಕ್ಕೆ ಬನ್ನಿ, ಸುಳ್ಳು ಹೇಳಬೇಡಿ, ಸಾಕು ಮಾಡಿ, ಎಲ್ಲ ಅರ್ಥವೂ ಬರುತ್ತಿತ್ತು.

ಕಾಕಾ ನಮ್ಮ ಬ್ಯಾಂಕಿಗೆ ಬಂದಾಗಲೆಲ್ಲ ಮ್ಯಾನೇಜರು ಚಹಾ ತರಿಸುತ್ತಿದ್ದರು. ಹಾಲು, ಸಕ್ಕರೆ, ಶುಂಠಿ ಹಾಕಿ ಅರ್ಧ ಗಂಟೆ ಕುದಿಸಿದ ಆಟೋನಗರದ ಚಹಾ. ಕಾಕಾ ಲೋಟವನ್ನು ಮೂಗಿನ ಬಳಿ ತರುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಯಾರಿಗೋ ಸಂತಾಪ ಹೇಳುವವರ ಹಾಗೆ ತಲೆ ಆಡಿಸಿ ಲೋಟ ಕೆಳಗಿಡುತ್ತಿದ್ದರು. ಇಷ್ಟು ಸಾಕಲ್ಲ ನನಗೆ. ಮರುದಿನವೇ ಊಟದ ಕೋಣೆಯಲ್ಲಿ ಕಾಕಾನ ಪ್ರದರ್ಶನ ಶುರುವಾಯಿತು. ಒಂದು ದಿನ ಎಲ್ಲರೂ ನಗುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಕಾಕಾ.

"ಇನ್ನೊಮ್ಮಿ ಮಾಡು" ಅಂದರು.

"ಕ್ಷಮಿಸಿ ಕಾಕಾ, ಸುಮ್ಮನೆ ತಮಾಷೆಗೆ..."

"ಮಾಡಪಾ."

ಮಾಡಿದೆ. ಅವರು ಲೇತ್ ಮೇಲಿಟ್ಟ ಕಬ್ಬಿಣ ನೋಡುವ ಹಾಗೆ ನನ್ನ ಮೂಗು ನೋಡಿದರು. "ತಪ್ಪು. ನಾ ಎಡಗಡೆ ಹೊಳ್ಳಿಯಿಂದ ಮೂಸ್ತೀನಿ. ಬಲಗಡೆದು ಎಣ್ಣಿ ವಾಸನಿಗೆ ಸತ್ತ ಹೋಗೈತಿ. ಮತ್ತ, ಇಂಥ ಚಾ ಬಿಡೋ ಮಾರಿ ಅಷ್ಟ ಕಲ್ತಿ. ಖರೆ ಚಾ ಕುಡಿಯೋ ಮಾರಿ ನೋಡಿಲ್ಲ. ಶನಿವಾರ ವರ್ಕ್‌ಶಾಪಿಗೆ ಬಾ."

ಹೋದೆ. ಹಲ್ಲು ಸವೆದ ಗೇರುಗಳ ರಾಶಿಯ ನಡುವೆ ಒಂದು ಸ್ಟೂಲು, ಅದರ ಮೇಲೆ ಎರಡು ಗಾಜಿನ ಲೋಟ, ಒಂದು ತಗಡಿನ ಡಬ್ಬಿ. ಡಬ್ಬಿಯಿಂದ ಎಲೆ ತೆಗೆದು ಅಂಗೈ ಮೇಲೆ ಹಾಕಿದರು. ನಾನು ಕಂಡಿದ್ದ ಚಹಾಪುಡಿಯ ಜಾತಿಯೇ ಅಲ್ಲ. ಇಸ್ತ್ರಿ ಮಾಡಿದಂತೆ ಚಪ್ಪಟೆಯಾದ, ಹಸಿರೂ ಅಲ್ಲದ ಹಳದಿಯೂ ಅಲ್ಲದ, ಗುಬ್ಬಿಯ ನಾಲಿಗೆಯಷ್ಟು ಉದ್ದದ ಎಲೆಗಳು.

ನೀರು ಕುದಿಯಿತು. ಹಾಕಲಿಲ್ಲ. ಸ್ಟೀಲಿನ ಚೊಂಬಿಗೆ ಸುರಿದು, ಚೊಂಬಿನ ಹೊರಮೈಗೆ ಬೆರಳು ಹಚ್ಚಿ ಕಾದರು. "ಬೆರಳು ಮೂರು ಎಣಸೂತನಾ ತಡೀಬೇಕು. ಅದಕ್ಕಿಂತ ಮೊದಲ ಹಾಕಿದ್ರ ಎಲಿ ಬೇಯ್ತತಿ, ಕಹಿ ಬಿಡ್ತತಿ. ಪಾಪ, ಅದೇನು ಪಾಲಕ್ ಸೊಪ್ಪೇನು?" ಮೊದಲು ಲೋಟದ ಕಾಲುಭಾಗ ನೀರು ಹಾಕಿ, ಲೋಟವನ್ನು ಮೆಲ್ಲಗೆ ತಿರುಗಿಸಿ ನನ್ನ ಮೂಗಿಗೆ ಹಿಡಿದರು. ಹುರಿದ ಹೆಸರುಬೇಳೆ. ಅದರ ಹಿಂದೆಯೇ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ. ಆಮೇಲೆ ಉಳಿದ ನೀರು ಎತ್ತರದಿಂದ ಬಿತ್ತು. ಎಲೆಗಳು ಮೇಲೆದ್ದು ತೇಲಿ, ಒಂದೊಂದಾಗಿ ನೀರು ಕುಡಿದು, ಕೆಳಗಿಳಿಯುತ್ತಾ ನೆಟ್ಟಗೆ ನಿಂತುಕೊಂಡವು. ಲೋಟದೊಳಗೆ ಭತ್ತದ ಸಸಿ ನಾಟಿ ಮಾಡಿದ ಹಾಗೆ.

ಕುಡಿದೆ. ಮೊದಲ ಗುಟುಕಿಗೆ, ನಿಜ ಹೇಳಬೇಕೆಂದರೆ, ಬಿಸಿನೀರು ಕುಡಿದಂತಾಯಿತು. "ಕಾಕಾ, ಇದರಲ್ಲಿ ಚಹಾ ಎಲ್ಲಿ?" ಅಂತ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಟಲಿನಿಂದ ಸಿಹಿ ಮೇಲಕ್ಕೆ ಬಂತು, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಹಾಗೆ. ತೆರೆದ ಬಾಯಿ ಮುಚ್ಚಿತು. ನನ್ನ ಬಾಯಿ ತಾನಾಗಿ ಮುಚ್ಚಿದ್ದು ನೌಕರಿಗೆ ಸೇರಿದ ಮೇಲೆ ಅದೇ ಮೊದಲು.

"ಕಡೀಗೆ ಏನರ ಹತ್ತತೈತೇನು?" ಕಾಕಾ ಕೇಳಿದರು.

"ಸಿಹಿ."

"ಅದರ ಬೆನ್ನಿಗೆ?"

ಮತ್ತೆ ಗುಟುಕರಿಸಿದೆ. ಹೌದು. ಪಕ್ಕದ ಬೀದಿಯಲ್ಲಿ ಯಾರೋ ಒಣಗಿದ ಎಲೆ ಸುಟ್ಟಿದ್ದರೆ ಬರುವಂಥದ್ದು ಏನೋ, ಇದೆಯೋ ಇಲ್ಲವೋ ಅನ್ನುವಷ್ಟು. "ಹೊಗೆ?"

ಕಾಕಾ ಲೋಟ ಕೆಳಗಿಟ್ಟರು. "ಇಪ್ಪತ್ತ ವರ್ಷಾತು ಅದನ್ನ ಹುಡಕಾಕತ್ತೀನಿ."

ಆಮೇಲೆ ಹೇಳಿದರು. ವರ್ಕ್‌ಶಾಪಿಗೆ ಚೀನಾದ ಮಷೀನು ತರಲೆಂದು ಅಲ್ಲಿನ ಕಾರ್ಖಾನೆಗೆ ಎರಡು ತಿಂಗಳ ತರಬೇತಿಗೆ ಹೋಗಿದ್ದರಂತೆ. ಊರ ಸುತ್ತ ಚಹಾ ಗುಡ್ಡ. ಇವರಿಗೆ ಬಾಡಿಗೆಗೆ ಕೋಣೆ ಕೊಟ್ಟ ಅಜ್ಜಿ, ವಸಂತ ಬಂದ ಕೂಡಲೇ ಎಳೆ ಚಿಗುರನ್ನು ದೊಡ್ಡ ಬಾಣಲೆಯಲ್ಲಿ ಬರಿಗೈಯಿಂದ ಹುರಿಯುತ್ತಿದ್ದಳಂತೆ. ಚಮಚ ಇಲ್ಲ, ಸೌಟು ಇಲ್ಲ. ಇವರು ತರಬೇತಿ ಮುಗಿಸಿ ಬಂದು ದಿನವೂ ಅವಳ ಕೈ ನೋಡುತ್ತಾ ಕೂತರು. ಭಾಷೆ ಬಾರದು. ಹೊರಡುವ ಹಿಂದಿನ ದಿನ ಅಜ್ಜಿ ಬಾಣಲೆ ಇವರಿಗೆ ಬಿಟ್ಟು ಹೊಲಕ್ಕೆ ಹೋದಳು. ಮರುದಿನ ಬೆಳಿಗ್ಗೆ ಇವರು ಹುರಿದ ಚಹಾ ಕುಡಿದು ಏನೋ ಅಂದಳು. ಕಾರ್ಖಾನೆಯ ಹುಡುಗ ಇಂಗ್ಲಿಷಿನಲ್ಲಿ ತಿಳಿಸಿದ: "ಚೆನ್ನಾಗಿದೆಯಂತೆ. ಆದರೆ ಕೊನೆಯಲ್ಲಿ ಒಂದು ಉಸಿರು ಹೊಗೆ ಇದೆಯಂತೆ. ನೀನು ಹುರಿಯುವಾಗ ತಾನು ನೋಡಲಿಲ್ಲ, ಎಲ್ಲಿಂದ ಬಂತೋ ನೀನೇ ನೋಡಿಕೋ ಅನ್ನುತ್ತಿದ್ದಾಳೆ." ಅಷ್ಟರಲ್ಲಿ ಬಸ್ಸು ಬಂತು.

ಮಷೀನು ಬಂತು, ತುಕ್ಕು ಹಿಡಿಯಿತು, ಗುಜರಿಗೂ ಹೋಯಿತು. ಆ ಮಾತು ಹೋಗಲಿಲ್ಲ.

ವಿಶಾಖಪಟ್ಟಣಕ್ಕೆ ಹತ್ತಿರದ ಅರಕು ಕಡೆಯ ಬೆಟ್ಟದಲ್ಲಿ, ಕಾಫಿ ಗಿಡಗಳ ನಡುವೆ, ಯಾರೋ ಎಂದೋ ನೆಟ್ಟು ಮರೆತ ಮೂರು ಸಾಲು ಚಹಾ ಗಿಡ ಇರುವುದನ್ನು ಕಾಕಾ ಪತ್ತೆ ಮಾಡಿದ್ದರು. ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಅಲ್ಲಿಂದ ಚಿಗುರು ಇಳಿಯುತ್ತಿತ್ತು. ಕಿತ್ತ ದಿನವೇ ಹುರಿಯಬೇಕು. ವಿಜಯವಾಡದ ತನಕ ಎಲೆ ತಡೆಯುವುದಿಲ್ಲ. ಹಾಗಾಗಿ ಪ್ರತಿ ವರ್ಷ ಕಾಕಾ ಬಾಣಲೆಯನ್ನು ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಸೀಟಿನ ಕೆಳಗೆ ತುರುಕಿ, ಮಧುರವಾಡಕ್ಕೆ, ಕಾಕುವಿನ ತವರಿಗೆ ಹೋಗುತ್ತಿದ್ದರು. "ಅಳಿಯ ಬಂದ್ರ ಹಣ್ಣು ಸ್ವೀಟು ತರ್ತಾರ. ನಮ್ಮವರು ಬಾಣಲಿ ತರ್ತಾರ" ಅಂತ ಕಾಕು.

ಹೊಗೆಯ ಬೇಟೆಯಲ್ಲಿ ನಾಲ್ಕು ಬಾಣಲೆ ಬದಲಾಗಿದ್ದವು. ಒಂದೊಂದನ್ನೂ ಲೇತ್ ಮೇಲೆ ಕೂರಿಸಿ ಒಳಮೈಯನ್ನು ಕನ್ನಡಿ ಮಾಡಿದ್ದರು. ನಾನು ಮುಖ ನೋಡಿಕೊಂಡು ತಲೆ ಬಾಚಿದ್ದೇನೆ. ಬೆಂಕಿ ಬಿಟ್ಟು ಕರೆಂಟಿನ ಕಾಯಿಲ್ ಹಾಕಿದರು. ಬಾಣಲೆಗೆ ಸವರುವ ಶೇಂಗಾ ಎಣ್ಣೆಯ ಮೇಲೆ ಅನುಮಾನ ಬಂದು ಒಂದು ವರ್ಷ ತುಪ್ಪ ಸವರಿದರು. ಆ ವರ್ಷದ ಚಹಾ ಹೋಳಿಗೆಯ ವಾಸನೆ ಹೊಡೆಯಿತು, ಹೊಗೆಯೂ ಇತ್ತು. ಪ್ರತಿ ವರ್ಷ ಮೊದಲ ಲೋಟ ಕುಡಿದು ಕಾಕು ಹೇಳುತ್ತಿದ್ದ ಮಾತು ಒಂದೇ: "ಏಮಂಡೀ, ಈ ಸಲಾನೂ ಹೊಗಿ ಹೊಡದೈತಿ." ಕಾಕಾ ಎರಡು ದಿನ ಮಾತು ಬಿಡುತ್ತಿದ್ದರು.

ಉಳಿದ ಹನ್ನೊಂದು ತಿಂಗಳು ಕೈ ಮರೆಯಬಾರದಲ್ಲ? ಅದಕ್ಕೆ ಅವರು ಕಂಡುಕೊಂಡ ಉಪಾಯ ತೆಳು ಅವಲಕ್ಕಿ. ದಿನಾ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಬಾಣಲೆ ಕಾಯಿಸಿ ಅವಲಕ್ಕಿಯನ್ನು ಬರಿಗೈಯಿಂದ ಹುರಿಯುತ್ತಿದ್ದರು. ಒಂದು ಎಳ್ಳಷ್ಟು ಜಾಸ್ತಿ ಒತ್ತಿದರೆ ಅವಲಕ್ಕಿ ಪುಡಿ. ಆ ಕೈ! ಅಂಗೈ ಚಪ್ಪಟೆಯಾಗಿ ತಳಕ್ಕೆ ಇಳಿಯುತ್ತಿತ್ತು, ಇದ್ದದ್ದನ್ನೆಲ್ಲ ಬಾಣಲೆಯ ಗೋಡೆಗೆ ಒತ್ತಿ ಮೇಲಕ್ಕೆ ಸವರುತ್ತಿತ್ತು, ಅಂಚಿನಲ್ಲಿ ಬೆರಳು ಬಿಡಿಸಿ ಮಳೆ ಹನಿಸಿದ ಹಾಗೆ ಉದುರಿಸುತ್ತಿತ್ತು. ಟ್ರಕ್ಕಿನ ಆಕ್ಸಲ್ ಕಡೆಯುವ ಕೈ ಅದು, ಉಗುರಲ್ಲಿ ಗ್ರೀಸು ಖಾಯಂ. ಅದರೊಳಗಿಂದ ಇನ್ನೊಂದು ಕೈ ಹೊರಗೆ ಬರುತ್ತಿತ್ತು. ಸುತ್ತ ಸುತ್ತಿಗೆಗಳ ಗದ್ದಲದಲ್ಲಿ ನಾನು ಗುಡಿಯಲ್ಲಿ ನಿಂತವನ ಹಾಗೆ ನಿಂತಿರುತ್ತಿದ್ದೆ. ಮಾಡಿದ ಅವಲಕ್ಕಿಗೆ ಒಗ್ಗರಣೆ ಹಾಕಿ ಕೆಲಸದವರು ತಿನ್ನುತ್ತಿದ್ದರು. ನಾನೂ ತಿನ್ನುತ್ತಿದ್ದೆ, ಭಕ್ತಿ ಬೇರೆ ಹಸಿವು ಬೇರೆ.

ಆ ಕೈಯನ್ನೂ ಕಲಿತೆ. ಊಟದ ಕೋಣೆಯಲ್ಲಿ ಗಾಳಿಯಲ್ಲೇ ಬಾಣಲೆ ಇಟ್ಟು ಹುರಿದು ತೋರಿಸುತ್ತಿದ್ದೆ. ಕಾಕಾನ ಮೂಗು, ನಡಿಗೆ, ಗದರಿಕೆ ಎಲ್ಲವನ್ನೂ ಅವರ ಎದುರೇ ಮಾಡಿದ್ದೇನೆ. ಕೈಯನ್ನು ಮಾತ್ರ ಅವರೆದುರು ಮಾಡಲಿಲ್ಲ. ದೇವರ ಮನೆಯಲ್ಲಿ ಶಿಳ್ಳೆ ಹಾಕಿದ ಹಾಗೆ ಅನಿಸುತ್ತಿತ್ತು.

ನಾನು ಬಂದ ಎರಡನೇ ವರ್ಷ ಅವಲಕ್ಕಿ ಪುಡಿಯಾಗತೊಡಗಿತು. ಬಲಗೈ ನಡುಗುತ್ತಿತ್ತು. ಡಾಕ್ಟರು ಹೇಳಿದ ರೋಗದ ಹೆಸರನ್ನು ಕಾಕಾ ಯಾರಿಗೂ ಹೇಳಲಿಲ್ಲ. "ಬೇರಿಂಗು ಹೋಗೈತಿ, ಸಿಗಂಗಿಲ್ಲ" ಅಂದರು ಅಷ್ಟೇ. ವರ್ಕ್‌ಶಾಪು ಮುಚ್ಚಿ, ಮಧುರವಾಡಕ್ಕೆ ಹೋದರು. ಮರುವರ್ಷ ನನಗೂ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಭಾನುವಾರ ಇಬ್ಬರೂ ಋಷಿಕೊಂಡದ ಸಮುದ್ರದಂಡೆಯಲ್ಲಿ ನಡೆಯುತ್ತಿದ್ದೆವು. ಕಾಕಾ ಬಲಗೈಯನ್ನು ಜೇಬಿನೊಳಗೆ ಇಟ್ಟುಕೊಂಡೇ ನಡೆಯುತ್ತಿದ್ದರು. ಜೇಬು ಅಲುಗುತ್ತಿತ್ತು, ಒಳಗೊಂದು ಮರಿ ಹಕ್ಕಿ ಇದ್ದ ಹಾಗೆ. ಒಂದು ದಿನ ಸಮುದ್ರ ನೋಡುತ್ತಾ ಅಂದರು, "ಈ ಸಲದ ಎಲಿ ಕಡೀದಪಾ. ಹೊಗಿ ಇಲ್ಲದ್ದು ಒಂದು ಲೋಟ ಚಾ. ಅಜ್ಜಿಗೆ ಉತ್ತರ ಕೊಡದಽ ಹೋದ್ರ ಪರೀಕ್ಷಾ ಬರೀದಽ ಎದ್ದು ಬಂದಂಗ."

ಹೋದ ವರ್ಷದ ಎಲೆ ಬಂದದ್ದು ಒಂದು ಭಾನುವಾರ, ಬೆಟ್ಟದಿಂದ ಬಸ್ಸಿನಲ್ಲಿ, ಬಿದಿರಿನ ಬುಟ್ಟಿಯಲ್ಲಿ ಸಡಿಲವಾಗಿ. ಎರಡು ಮೊರದಲ್ಲಿ ತೆಳ್ಳಗೆ ಹರಡಿದೆವು. ಸಂಜೆ ನಾಲ್ಕರ ಹೊತ್ತಿಗೆ ಎಲೆ ಸ್ವಲ್ಪ ಬಾಡಿ, ಹಸಿ ಹುಲ್ಲಿನ ವಾಸನೆ ಹೋಗಿ, ಎಲ್ಲೋ ಹೂ ಇದೆ ಅನ್ನಿಸುವ ವಾಸನೆ ಬಂತು. ಕಾಕಾ ಹಿತ್ತಲಿನ ಸ್ಟೂಲಿನ ಮೇಲೆ ಕೂತು ಬಾಣಲೆಗೆ ಕೈ ಇಟ್ಟರು.

ಮೊದಲ ಸವರಿಗೇ ಕೈ ಗೋಡೆಗೆ ಬಡಿಯಿತು. ಎಲೆ ನೆಲಕ್ಕೆ ಚೆಲ್ಲಿತು. ಎರಡನೇ ಸಲ ಮಣಿಕಟ್ಟು ಸುಟ್ಟುಕೊಂಡರು. ಮೂರನೇ ಸಲ ಕೈ ಇಳಿಸಲೇ ಇಲ್ಲ, ಬಾಣಲೆಯ ಮೇಲೆ ಹಿಡಿದುಕೊಂಡು ಕೂತರು. ನಡುಗುವುದನ್ನು ಮೂವರೂ ನೋಡುತ್ತಿದ್ದೆವು.

"ಏಮಂಡೀ, ಬಿಡ್ರಿ" ಅಂದರು ಕಾಕು ಮೆತ್ತಗೆ. "ಬಿಸಲಾಗ ಒಣಗಸೂಣು."

"ಒಣಗಿಸಿದ್ರ ಅದು ಸೊಪ್ಪು ಆಗತೈತಿ, ಚಾ ಅಲ್ಲ." ಕಾಕಾ ನನ್ನ ಕಡೆ ತಿರುಗಿದರು. "ನೀ ನನ್ನ ಕೈ ಮಾಡ್ತಿ ಅಂತಲ್ಲ?"

"ಯಾರು ಹೇಳಿದ್ದು?"

"ನಿಮ್ಮ ಮ್ಯಾನೇಜರು. ವಿಜಯವಾಡದಾಗ ಇದ್ದಾಗಽ ಹೇಳ್ಯಾರ. ಏಳು, ಕೈ ತೊಳ್ಕೊ."

"ಕಾಕಾ, ಅದು ಗಾಳಿಯಲ್ಲಿ ಮಾಡೋ ಆಟ. ನನಗೆ ಒಲೆ ಮೇಲೆ ಹಾಲು ಉಕ್ಕದ ಹಾಗೆ ನೋಡಿಕೊಳ್ಳೋಕೂ ಬರಲ್ಲ."

"ಗೊತ್ತೈತಿ. ಅದಕ್ಕಽ ನೀ ನೀನಾಗಿ ಹುರೀಬ್ಯಾಡ, ಹೊತ್ತಸ್ತಿ. ನಾನಾಗಿ ಹುರಿ."

ಸ್ಟೂಲಿನ ಮೇಲೆ ಕೂತೆ. ಭುಜ ಇಳಿಸಿದೆ, ಕೆಳದುಟಿ ಕಚ್ಚಿದೆ, ಎಡಗಡೆ ಹೊಳ್ಳೆಯಿಂದ ಮೂಸಿದೆ. ಕಾಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮೊದಲ ಮೊರದ ಎಲೆ ಹಾಕಿ ಕೈ ಇಳಿಸಿದೆ. ಬಿಸಿಗೆ ಜೀವ ಹೋದಂತಾಯಿತು. ಆದರೆ ಕಾಕಾ ಮುಖ ಕಿವುಚುತ್ತಿರಲಿಲ್ಲವಲ್ಲ, ನಾನೂ ಕಿವುಚಲಿಲ್ಲ. ಒತ್ತು, ಸವರು, ಉದುರಿಸು. ಎಲೆಗಳು ಚಟಚಟ ಅನ್ನುತ್ತಾ ಹಬೆ ಬಿಟ್ಟವು, ಬೆರಳುಗಳ ನಡುವೆ ಮೆತ್ತಗಾದವು. ನನ್ನ ಕೈ ತಾನೇ ಓಡುತ್ತಿತ್ತು. ನಾನು ಅಲ್ಲಿರಲೇ ಇಲ್ಲ. ಹೆದರಿಕೆಯಾಗುವಷ್ಟು ಚೆನ್ನಾಗಿತ್ತು ಅದು.

"ಆ ಕಿರಿಬೆರಳು ಯಾಕ ಎತ್ತಿ?"

ಕಾಕಾನ ದನಿ ಬೇರೆಯಾಗಿತ್ತು. ನೋಡಿದೆ. ನನ್ನ ಬಲಗೈಯ ಕಿರುಬೆರಳು ಉಳಿದ ನಾಲ್ಕರಿಂದ ದೂರ, ಮೇಲೆದ್ದು ನಿಂತಿತ್ತು.

"ನೀವು ಎತ್ತುತ್ತೀರಲ್ಲ ಕಾಕಾ."

"ನಾನಾ?"

"ಏಮಂಡೀ" ಅಂದರು ಕಾಕು, "ನೀವು ಉಣ್ಣುವಾಗೂ ಎತ್ತತೀರಿ. ಲಗ್ನ ಆದಾಗಿಂದ ನೋಡೀನಿ."

ಕಾಕಾ ತಮ್ಮ ನಡುಗುವ ಕೈಯನ್ನು ಕಣ್ಣ ಮುಂದೆ ಹಿಡಿದು ನೋಡಿದರು. ಯಾರೋ ಪರಿಚಯ ಮಾಡಿಸಿದ ಹೊಸಬನನ್ನು ನೋಡುವ ಹಾಗೆ. ಮದುವೆಗೂ ಮುಂಚೆ, ಆಟೋನಗರಕ್ಕೆ ಬಂದ ಹೊಸದರಲ್ಲಿ, ಆ ಬೆರಳು ಲೇತಿಗೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಮೂರು ತಿಂಗಳು ಅದನ್ನು ಎತ್ತಿಕೊಂಡೇ ಕೆಲಸ ಮಾಡಿದ್ದರಂತೆ. "ಬೆರಳು ಆರಾಮಾಗಿ ಯಾವ ಕಾಲಾತು" ಅಂದರು. "ಕೈಗೆ ಸುದ್ದಿ ಮುಟ್ಟಿಲ್ಲ ನೋಡು."

ಆಮೇಲೆ ಬಾಣಲೆಯೊಳಗೆ ಬಗ್ಗಿದರು. ನಾನು ಸವರಿ ಮೇಲೆತ್ತಿದ ಕಡೆ, ಕಿರುಬೆರಳು ಮುಟ್ಟಬೇಕಾಗಿದ್ದ ಜಾಗದಲ್ಲಿ, ತಳದಲ್ಲಿ ನಾಲ್ಕೈದು ಎಲೆ ಹಿಂದೆ ಉಳಿದಿದ್ದವು. ಪ್ರತಿ ಸವರಿಗೂ ನಾಲ್ಕೈದು. ಅವುಗಳ ಅಂಚು ಕಂದಾಗಿತ್ತು. ಒಂದನ್ನು ಎತ್ತಿ ಎಡಗಡೆ ಹೊಳ್ಳೆಗೆ ಹಿಡಿದರು. ಕಣ್ಣು ಮುಚ್ಚಿದರು.

"ಇದಽ" ಅಂದರು.

ನಾಲ್ಕು ಬಾಣಲೆ, ಇಪ್ಪತ್ತು ವರ್ಷ. ನಾನು ಬೆರಳು ಇಳಿಸಲು ಹೋದೆ.

"ಇಳಸಬ್ಯಾಡ! ಈ ಮೊರ ಹಂಗಽ ಮುಗಿಸು. ಎರಡನೇದು ಇಳಿಸಿ ಹುರಿ. ಒಂದು ಸಲಕ್ಕ ಒಂದಽ ಬದ್ಲಿ ಮಾಡಬೇಕು, ಅಂದ್ರ ಗೊತ್ತಾಗತೈತಿ." ಅಷ್ಟು ಹೊತ್ತಿನಲ್ಲೂ ಲೇತ್ ಮಾಸ್ತರು!

ಎರಡನೇ ಮೊರ ಕಷ್ಟವಾಯಿತು. ಅಣಕಿಸುವವನಿಗೆ ಪೂರ್ತಿ ಮನುಷ್ಯ ಬೇಕು. ಒಂದು ಬೆರಳು ಕಳೆದು ಉಳಿದದ್ದನ್ನು ಮಾಡು ಅಂದರೆ ಹೇಗೆ? ನಾಲ್ಕು ಬೆರಳಲ್ಲಿ ಕಾಕಾನನ್ನು ಮಾಡಿದೆ, ಐದನೆಯದರಲ್ಲಿ ನಾನು ಕಂಡೇ ಇರದ ಆ ಅಜ್ಜಿಯನ್ನು. ಮೊರ ಎರಡನ್ನೂ ಬಟ್ಟೆ ಹೊದಿಸಿ ತಣಿಸಿ, ಮತ್ತೊಂದು ಸುತ್ತು ಹುರಿದು ಚಪ್ಪಟೆ ಮಾಡುವ ಹೊತ್ತಿಗೆ ದೀಪ ಹಚ್ಚಿದ್ದರು. ನನ್ನ ಅಂಗೈ ಮೇಲೆ ಮೂರು ಬೊಬ್ಬೆ. ಮರುದಿನ ಬ್ಯಾಂಕಿನಲ್ಲಿ ಸಹಿ ಹಾಕಲಾಗದೆ ನಾನು ಪಟ್ಟ ಪಾಡನ್ನು ಇನ್ನೊಬ್ಬ ಅಣಕಿಸಿದನಂತೆ. ಅನುಭವಿಸಬೇಕಾದ್ದೇ.

ಹೊಸ ಚಹಾ ಒಂದು ರಾತ್ರಿ ಮಲಗಬೇಕು ಅಂತ ಕಾಕಾನ ನಿಯಮ. ಬೆಳಿಗ್ಗೆ ಎರಡು ಲೋಟ ಇಟ್ಟರು. ಮೊದಲು ಹೊಗೆಯದ್ದು ಕುಡಿದರು, ತಲೆ ಆಡಿಸಿದರು. ಆಮೇಲೆ ಇನ್ನೊಂದು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಗುಟುಕು ಇಳಿಯಿತು. ಸಿಹಿ ಬಂದದ್ದು ಮುಖದಲ್ಲಿ ಕಾಣಿಸಿತು. ಆಮೇಲೆ ಕಾದರು. ನಾವೂ ಕಾದೆವು. ಏನೂ ಬರಲಿಲ್ಲ. ಕಾಕಾನ ಬಲಗೈ ತೊಡೆಯ ಮೇಲೆ ನಡುಗುತ್ತಲೇ ಇತ್ತು. ಅವರು ಅದನ್ನು ಜೇಬಿಗೆ ಹಾಕಿಕೊಳ್ಳುವುದನ್ನೇ ಮರೆತಿದ್ದರು.

"ಅಜ್ಜಿದು" ಅಂದರು ಕೊನೆಗೆ, ಆ ಲೋಟ ತೋರಿಸಿ. "ಇದು ಅಜ್ಜಿ ಚಾ." ಮತ್ತೆ ನನ್ನ ಕಡೆ ನೋಡಿ, "ನನ್ನ ಕೈ ನಾ ಎಂದೂ ನೋಡಿರಲಿಲ್ಲಪಾ. ನೀ ತೋರಿಸಿದಿ."

ಕಾಕು ಎರಡನ್ನೂ ಕುಡಿದು ಹೊಗೆಯ ಲೋಟವನ್ನು ತನ್ನ ಕಡೆ ಎಳೆದುಕೊಂಡರು. "ನಂಗ ಇದಽ ಇರಲಿ."

"ಪ್ರತಿ ವರ್ಷ ಹೊಗಿ ಹೊಗಿ ಅಂತ ನನ್ನ ಜೀವಾ ತಿಂದಿ!" ಕಾಕಾ ಹೌಹಾರಿದರು.

"ಅಂದೀನಿ. ಬ್ಯಾಡ ಅಂದೀನೇನು?"

ಕಾಕಾ ನಕ್ಕ ನಗುವನ್ನು ನಾನು ಎಷ್ಟೋ ಸಲ ಮಾಡಲು ನೋಡಿದ್ದೇನೆ. ಬರುವುದಿಲ್ಲ.

ಆಷಾಢದಲ್ಲಿ ಒಂದು ಬೆಳಿಗ್ಗೆ ಎದೆ ನೋವು ಅಂದರು, ಹೋದರು. ಹನ್ನೊಂದನೇ ದಿನ ಕಾಕು ಕೇಳಿದಾಗ ನನಗೆ ಬಾಯಿ ಬರದೆ ಹೋದದ್ದು ಮೊದಲೇ ಹೇಳಿದೆನಲ್ಲ. ನಡಿಗೆ ಮಾಡಬಹುದಿತ್ತು, ಮೂಗು ಮಾಡಬಹುದಿತ್ತು. ಅವೆಲ್ಲ ಕಾಕಾ ಅಲ್ಲ ಅನಿಸಿತು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಬೆಟ್ಟದಿಂದ ಬುಟ್ಟಿ ಬಂತು. ನಿಲ್ಲಿಸಿ ಅಂತ ಹೇಳುವುದು ಯಾರಿಗೂ ನೆನಪಾಗಿರಲಿಲ್ಲ. ಅದೇ ಹಿತ್ತಲು, ಅದೇ ಬಾಣಲೆ. ಒಂದು ಮೊರವನ್ನು ಬೆರಳು ಇಳಿಸಿ ಹುರಿದೆ, ಅಜ್ಜಿಯ ಲೆಕ್ಕಕ್ಕೆ. ಆಮೇಲೆ ಭುಜ ಇಳಿಸಿ, ತುಟಿ ಕಚ್ಚಿ, ಎರಡನೇ ಮೊರಕ್ಕೆ ಕೈ ಇಟ್ಟೆ. ಕಿರುಬೆರಳು ತಾನಾಗಿ ಎದ್ದಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕು ಸುಮ್ಮನೆ ಒಳಗೆ ಹೋದರು.

ಬೆಳಿಗ್ಗೆ ನೀರು ಕಾಯಿಸಿ, ಚೊಂಬಿಗೆ ಬೆರಳು ಹಚ್ಚಿ ಮೂರು ಎಣಿಸಿ, ಆ ಎರಡನೇ ಚಹಾವನ್ನು ಕಾಕುವಿನ ಮುಂದಿಟ್ಟೆ. ಎಲೆಗಳು ಇಳಿದು ನೆಟ್ಟಗೆ ನಿಲ್ಲುವ ತನಕ ಕಾಕು ಕಾದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ನನ್ನ ಕಡೆ ನೋಡಲಿಲ್ಲ. ಹಿತ್ತಲಿನ ಸ್ಟೂಲಿನ ಕಡೆ ತಿರುಗಿ ಅಂದರು:

"ಏಮಂಡೀ, ಈ ಸಲಾನೂ ಹೊಗಿ ಹೊಡದೈತಿ."